ಕಾರ್ಡಿನಲ್‌ಗಳ ತಲೆ ಮೇಲಿನ ಹೆಂಚು ತೆಗೆದ ಬೆರಾರ್ದೊ

ಏಯ್! ಮೇಲ್ಗಡೆ ಬಟ್ಟೆ ಒಣಗಾಕ್ತಿರೋರೇ! ಕಾರಂಜಿ ಕಟ್ಟೆ ಮೇಲೆ ಕಾಲು ಅಲ್ಲಾಡಿಸ್ಕೊಂಡ್ ಕೂತಿರೋರೇ! ಆ ಸ್ಕೂಟರ್ ಒಂದ್ಸಲ ಆಫ್ ಮಾಡ್ರಪ್ಪಾ, ಕಥೆ ಬಂತು. ಇಯರ್‌ಫೋನ್ ಇದ್ರೆ ಹಾಕ್ಕೊಳಿ, ಇಲ್ದಿದ್ರೆ ಜೋರಾಗೇ ಹಾಕಿ, ಬೀದಿಗೆಲ್ಲ ಕೇಳ್ಲಿ. ಬೈಗುಳ ಇದೆ, ಆದ್ರೆ ಎಲ್ಲಾ ದೊಡ್ಡೋರಿಗೇ ಇದೆ, ಭಯ ಬೇಡ.

ಬೆರಾರ್ದೊ ಕಥೆ ಇದು. ಯಾವ ಬೆರಾರ್ದೊ ಅಂತ ತಲೆ ಕೆರ್ಕೋಬೇಡಿ. ನಮ್ಮ ವಿತೆರ್ಬೊ ಊರಿನೋನೇ, ಏಳುನೂರೈವತ್ತು ವರ್ಷದ ಹಿಂದಿನೋನು. ರಾಜ ಅಲ್ಲ, ಸಂತ ಅಲ್ಲ. ಅವನ ಹೆಸರಲ್ಲಿ ಒಂದು ಬೀದಿ ಇಲ್ಲ, ಒಂದು ಬೀದಿನಾಯಿನೂ ಇಲ್ಲ. ಹೆಂಚು ಹೊದಿಸೋನು ಅಷ್ಟೇ. ಅವರಪ್ಪನೂ ಹೆಂಚು ಹೊದಿಸ್ತಿದ್ದ, ತಾತನೂ ಹೊದಿಸ್ತಿದ್ದ.

ಈ ಬೆರಾರ್ದೊಗೆ ಒಂದು ಚಾಳಿ. ಯಾರ ಮನೆಗೆ ಹೋದ್ರೂ ಮೊದಲು ಮುಖ ನೋಡ್ತಿರ್ಲಿಲ್ಲ, ಕತ್ತು ಎತ್ತಿ ಸೂರು ನೋಡ್ತಿದ್ದ. ಮದುವೆ ಮಾತಾಡೋಕೆ ಜೆಮ್ಮಾ ಮನೆಗೆ ಹೋದಾಗ್ಲೂ ಅದೇ. ಜೆಮ್ಮಾ ಅಪ್ಪ ಕಾದು ಕಾದು, "ಹುಡುಗಿ ಇಲ್ಲಿದಾಳಪ್ಪಾ, ಮೇಲಲ್ಲ" ಅಂದ್ರೆ, ಇವನು, "ಮೂರನೇ ತೊಲೆಗೆ ಹುಳ ಬಿದ್ದಿದೆ ಮಾವ" ಅಂದ. ಚರ್ಚಲ್ಲಿ ಎಲ್ಲರೂ ಕಣ್ಣು ಮೇಲೆ ಮಾಡಿ ದೇವರನ್ನ ನೆನೀತಿದ್ರೆ ಇವನು ರೀಪು ಎಣಿಸ್ತಿದ್ದ. ಸೋಂಪು ಅಗೀತಾ ಅಗೀತಾ ದಿನವಿಡೀ ಸೂರ ಮೇಲೆ ಬೆಕ್ಕಿನ ಹಾಗೆ ಓಡಾಡೋನು. ಬಿದ್ದು ಸಾಯೋ ಭಯ ಇರ್ಲಿಲ್ಲ. ಅವನು ಹೆದರ್ತಿದ್ದದ್ದು ಒಬ್ಬರಿಗೇ, ಅವರವ್ವ ಪಾಲ್ಮಾಗೆ.

ಪಾಲ್ಮಾ ಮುದುಕಿ ಬಾಯಿ ಅಂದ್ರೆ ಕುಡುಗೋಲು. ಅವಳ ಹತ್ರ ಆಸ್ತಿ ಅಂತ ಇದ್ದದ್ದು ಒಂದು ಮಂಚ. ವಾಲ್ನಟ್ ಮರದ್ದು, ಮೇಲೆ ಕೆಂಪು ಪರದೆ. ಅವಳ ಮದುವೆಗೆ ತವರಿಂದ ಬಂದಿದ್ದು. ಬೆರಾರ್ದೊ ಹುಟ್ಟಿದ್ದು ಆ ಮಂಚದಲ್ಲೇ, ಅವರಪ್ಪ ಕಣ್ಣು ಮುಚ್ಚಿದ್ದೂ ಅಲ್ಲೇ. "ನಾನೂ ಅದರಲ್ಲೇ ಸಾಯ್ತೀನಿ. ಬೇರೆ ಕಡೆ ಸಾಯಿ ಅಂದ್ರೆ ಸಾಯಲ್ಲ" ಅಂತ ಊರಿಗೆಲ್ಲ ಹೇಳಿಟ್ಟಿದ್ಲು.

ಈಗ ಪೋಪ್ ವಿಷಯಕ್ಕೆ ಬರೋಣ.

ಪೋಪ್ ಅಂದ್ರೆ ರೋಮಲ್ಲಿರಬೇಕಲ್ವಾ? ಇರೋಕೆ ಬಿಟ್ರೆ ತಾನೇ! ರೋಮಿನ ಜನಕ್ಕೆ ಸಿಟ್ಟು ಬಂದ್ರೆ ಕಲ್ಲು ಎತ್ಕೊಳ್ತಿದ್ರು. ಅವರು ಕಲ್ಲೆತ್ತಿದಾಗೆಲ್ಲ ಪೋಪಪ್ಪ ಹೇಸರಗತ್ತೆ ಹತ್ತಿ ನಮ್ಮೂರಿಗೆ ಬಂದುಬಿಡ್ತಿದ್ದ. ನಮ್ಮೂರ ಗೋಡೆ ಗಟ್ಟಿ, ವೈನ್ ಚೆನ್ನಾಗಿತ್ತು, ಊರಾಚೆ ಬಿಸಿನೀರಿನ ಬುಗ್ಗೆ, ಮಂಡಿನೋವಿಗೆ ಒಳ್ಳೇದು. ನಮ್ಮೋರಿಗೂ ಖುಷಿ, ಅವನಿಗೆ ಅಂತ ಒಂದು ಅರಮನೇನೇ ಕಟ್ಟಿಸಿದ್ರು. ಆ ಅರಮನೆ ದೊಡ್ಡ ಹಾಲ್‌ಗೆ ಹೆಂಚು ಹೊದಿಸಿದ್ದು ಯಾರು? ನಮ್ಮ ಬೆರಾರ್ದೊ. ಅದು ಮುಗಿದ ದಿನ ಕೆಳಗೆ ನಿಂತು ಒಂದು ಗಂಟೆ ಸುಮ್ನೆ ಮೇಲೆ ನೋಡ್ತಾನೇ ಇದ್ನಂತೆ. ಒಂದು ಹನಿ ನೀರು ಒಳಗೆ ಬೀಳೋ ಹಾಗಿರ್ಲಿಲ್ಲ.

ಹೊಸ ಸೂರಡಿ ನಾಲ್ಕು ದಿನ ಸುಖವಾಗಿ ಇದ್ದ ಪೋಪ್, ನಮ್ಮೂರಲ್ಲೇ ತೀರ್ಕೊಂಡ. ಇನ್ನೊಬ್ಬನ್ನ ಆರಿಸೋಕೆ ಕೆಂಪು ಟೋಪಿ ಕಾರ್ಡಿನಲ್‌ಗಳು ಗುಡ್ಡೆ ಆದ್ರು. ಕಾರ್ಡಿನಲ್ ಒಬ್ಬನೇ ಬರ್ತಾನಾ? ಅವನ ಹಿಂದೆ ಅಡಿಗೆಯೋನು, ಕುದುರೆಯೋನು, ನಾಯಿ, ಗಿಡುಗ, ಸೋದರಳಿಯ. ಸೋದರಳಿಯ ಅಂತೂ ಕಡ್ಡಾಯ. ಇವರಿಗೆಲ್ಲ ಮಲಗೋಕೆ ಜಾಗ ಬೇಕಲ್ಲ? ಸುಣ್ಣದ ಕಡ್ಡಿ ಹಿಡ್ಕೊಂಡು ಬೀದಿ ಬೀದಿ ಬಂದ್ರು. ಯಾವ ಬಾಗಿಲ ಮೇಲೆ ಗೀಟು ಎಳೆದ್ರೋ ಆ ಮನೆ ಅವರದ್ದು, ಹೊಸ ಪೋಪ್ ಸಿಗೋವರೆಗೆ. ಬೆರಾರ್ದೊ ಬಾಗಿಲಿಗೂ ಗೀಟು ಬಿತ್ತು.

ಅಲ್ಲಿಗೆ ಬಂದು ಇಳಿದೋನು ತಂಕ್ರೇದಿ ಅಂತ, ಒಬ್ಬ ಕಾರ್ಡಿನಲ್ ಸೋದರಳಿಯ. ಕೆಲಸ ಏನು? ಸೋದರಳಿಯ ಆಗಿರೋದೇ ಕೆಲಸ. ಎರಡು ಬೇಟೆನಾಯಿ, ಮೂರು ಆಳು, ಒಂದು ಪೆಟ್ಟಿಗೆ ತುಂಬಾ ಬೂಟು. ಹೊರಮೆಟ್ಟಿಲು ಹತ್ತಿ ಬಂದು ಮಂಚ ನೋಡಿ, "ಇದು ನನಗೆ" ಅಂದ.

"ಅದು ನಮ್ಮವ್ವಂದು ಸ್ವಾಮಿ" ಅಂದ ಬೆರಾರ್ದೊ.

"ಎರಡು ವಾರದ ಮಾತು ಕಣೋ ಹೆಂಚಿನೋನೇ. ಪೋಪ್ ಆದ ತಕ್ಷಣ ನಮ್ಮ ದಾರಿ ನಮಗೆ. ಕೆಳಗೆ ಕೊಟ್ಟಿಗೆ ಇದೆಯಲ್ಲ, ಅಲ್ಲಿರಿ."

ಪಾಲ್ಮಾ ಬಾಗಿಲಿಗೆ ಅಡ್ಡ ನಿಂತ್ಲು. "ಮಗಾ, ನನಗೆ ಕೆಮ್ಮು. ಕತ್ತೆ ಪಕ್ಕ ಮಲಗು ಅಂತೀಯಾ?"

"ಯಾಕಮ್ಮಾ, ಯೇಸುಸ್ವಾಮಿ ಹುಟ್ಟಿದ್ದೇ ಕೊಟ್ಟಿಗೇಲಿ ಅಲ್ವಾ? ಅವರಿಗಿಂತ ದೊಡ್ಡೋಳಾ ನೀನು?" ಆಳುಗಳು ಕಿಸಕ್ಕಂದ್ರು.

"ಹುಟ್ಟಿದ್ದು ಕೊಟ್ಟಿಗೇಲೇ, ನಿಜ," ಅಂದ್ಲು ಮುದುಕಿ. "ಜಾಗ ಕೊಡದೇ ಇದ್ದೋರು ಯಾರು ಅಂತ ಇವತ್ತು ಗೊತ್ತಾಯ್ತು."

ಬಾಯಲ್ಲಿ ಗೆದ್ಲು, ಆದ್ರೂ ಕೊಟ್ಟಿಗೆಗೇ ಹೋದ್ಲು. ಬೆರಾರ್ದೊ, ಹೆಂಡ್ತಿ ಜೆಮ್ಮಾ, ಮುದುಕಿ, ಕತ್ತೆ, ನಾಲ್ಕೂ ಜನ ಒಂದೇ ಕಡೆ. ಎರಡು ವಾರ ಹೋಯ್ತು. ಎರಡು ತಿಂಗಳು ಹೋಯ್ತು. ಚೆಸ್ಟ್‌ನಟ್ ಕಾಯಿ ಉದುರಿ, ಹಿಮ ಬಿದ್ದು, ಕರಗಿ, ಬಳ್ಳಿ ಚಿಗುರಿ, ಮತ್ತೆ ಚೆಸ್ಟ್‌ನಟ್ ಉದುರ್ತು. ಪೋಪ್ ಸುದ್ದಿ ಇಲ್ಲ.

ಕಾರ್ಡಿನಲ್‌ಗಳು ಏನು ಮಾಡ್ತಿದ್ರು ಗೊತ್ತಾ? ಬೆಳಿಗ್ಗೆ ಎದ್ದು ಅರಮನೆಗೆ ಹೋಗೋದು, ನಿನ್ನೋನು ಬೇಡ ನಮ್ಮೋನು ಬೇಕು ಅನ್ನೋದು, ಮಧ್ಯಾಹ್ನ ಊಟಕ್ಕೆ ವಾಪಸ್. ಫ್ರಾನ್ಸ್ ಕಡೆಯೋರಿಗೆ ಇಟಲಿಯೋನು ಬೇಡ, ಇಟಲಿಯೋರಿಗೆ ಫ್ರಾನ್ಸಿನೋನು ಬೇಡ, ಇಟಲಿಯೋರಿಗೆ ಇಟಲಿಯೋರೂ ಬೇಡ. ಒಬ್ಬೊಬ್ಬನ ಮುಖದಲ್ಲೂ ನಾನೇ ಯಾಕಾಗಬಾರದು ಅನ್ನೋದು ಬರೆದಿತ್ತು. ಇತ್ತ ಊರಲ್ಲಿ ಬ್ರೆಡ್ಡಿಗೆ ಗತಿ ಇಲ್ಲ, ವೈನಿನ ಪೀಪಾಯಿ ಅವರ ಮನೆಗೇ ಉರುಳ್ತಿದ್ವು. ಪಾಲ್ಮಾ ಕೆಮ್ಮು ಎದೆಗಿಳಿದಿತ್ತು. ಮೇಲೆ ಅವಳ ಮಂಚದಲ್ಲಿ ತಂಕ್ರೇದಿ ನಾಯಿಗಳ ಜೊತೆ ಹೊರಳಾಡೋದು ಕೆಳಗೆ ಕೇಳ್ಸೋದು. ಹಲಗೆ ಕಿರ್ ಅಂದಾಗೆಲ್ಲ ಮುದುಕಿ ಮಗನ್ನ ತಿವೀತಿದ್ಲು.

"ಕೇಳ್ತಾ? ನಾಯಿ ಹತ್ತಿದ್ದು."

"ಮಲ್ಕೊಳವ್ವಾ."

"ಎಲ್ಲಿ ಮಲ್ಕೊಳ್ಳಿ? ಕತ್ತೇನ ಕೇಳು, ಅದಕ್ಕೇ ನಾಚಿಕೆ ಆಗ್ತಿದೆ, ಮುಖ ಆ ಕಡೆ ಮಾಡ್ಕೊಂಡಿದೆ. ಊರೋರ ತಲೆಗೆಲ್ಲ ಸೂರು ಕೊಟ್ಟೆ, ನನಗೆ ಇದು ಕೊಟ್ಟೆ."

ಬೆರಾರ್ದೊಗೆ ಒಂದೇ ಯೋಚನೆ. ಅವ್ವ ಕೊಟ್ಟಿಗೇಲಿ ಸಾಯಬಾರದು. ಅದಕ್ಕೆ ಮನೆ ವಾಪಸ್ ಬರಬೇಕು. ಮನೆ ಬರಬೇಕಂದ್ರೆ ಪೋಪ್ ಆಗಬೇಕು. ಅವ್ವನ ಉಸಿರಿಗೂ ಆ ಮುದಿ ಜಗಳಗಂಟರ ಬಾಯಿಗೂ ಗಂಟು ಬಿದ್ದಿತ್ತು, ನೋಡಿ, ಎಂಥಾ ಗ್ರಹಚಾರ!

ಕೊನೆಗೆ ಊರೋರಿಗೂ ತಲೆ ಕೆಟ್ಟು ಹೋಯ್ತು. ಒಂದು ದಿನ ಕಾರ್ಡಿನಲ್‌ಗಳೆಲ್ಲ ಒಳಗಿರೋ ಹೊತ್ತು ನೋಡಿ ಅರಮನೆ ಬಾಗಿಲಿಗೆ ಹೊರಗಿಂದ ಬೀಗ ಜಡಿದ್ರು. ಪೋಪನ್ನ ಹೆತ್ತು ಹೊರಗೆ ಬನ್ನಿ ಅಂದ್ರು. ಬಾತುಕೋಳಿ ರೋಸ್ಟ್ ನಿಂತೋಯ್ತು, ಬರೀ ಬ್ರೆಡ್ಡು ನೀರು ಒಳಗೆ ಹೋಯ್ತು. ಆಗ್ಲೂ ಬಗ್ಗಲಿಲ್ಲ, ಅಷ್ಟು ವರ್ಷ ತಿಂದಿದ್ದು ಮೈಮೇಲೆ ಇತ್ತಲ್ಲ. ಆಗ ಅವರಲ್ಲೇ ಒಬ್ಬ ಮುದುಕ ಕಾರ್ಡಿನಲ್ ಕಿಟಕೀಲಿ ಮುಖ ಹಾಕಿ ನಗಾಡಿದ: "ಸೂರು ತೆಗೆದುಬಿಡ್ರಪ್ಪಾ, ಪೋಪ್ ಯಾರು ಅಂತ ಹೇಳಿಕೊಡೋ ಪವಿತ್ರಾತ್ಮ ಒಳಗೆ ಬರೋಕೆ ದಾರಿ ಇಲ್ಲ."

ತಮಾಷೆ ಮಾಡಿದ್ದ. ಆದ್ರೆ ನಮ್ಮೂರೋರ ಮುಂದೆ ಹಂಗೆಲ್ಲ ತಮಾಷೆ ಮಾಡಬಾರದು. ಊರ ಕ್ಯಾಪ್ಟನ್ ಬೆರಾರ್ದೊಗೆ ಹೇಳಿ ಕಳಿಸಿದ.

"ಹೊದಿಸಿದೋನು ನೀನೇ ತಾನೇ? ತೆಗಿ."

ಬೆರಾರ್ದೊ ಕೊಟ್ಟಿಗೆಗೆ ಬಂದು ಹುಲ್ಲಿನ ಮೇಲೆ ಕುಸಿದು ಕೂತ. "ಅವ್ವಾ, ನನ್ನ ಕೈಯಲ್ಲಿ ಅಂಥ ಸೂರು ಇನ್ನೊಂದು ಆಗಲ್ಲ. ಅದೊಂದೇ ನಾನು ನೆಟ್ಟಗೆ ಮಾಡಿದ ಕೆಲಸ."

"ಅದರಡಿ ಯಾರು ಮಲಗಿದಾರೆ ಅಂತ ನೋಡಿ ಮಾತಾಡು," ಅಂದ್ಲು ಪಾಲ್ಮಾ. "ಪೇತ್ರನ ಕುರ್ಚಿಗೆ ಕಿತ್ತಾಡ್ತಾರಲ್ಲ, ಆ ಪೇತ್ರ ಮೀನು ಹಿಡಿಯೋನು. ಅವನ ಅತ್ತೆಗೆ ಜ್ವರ ಬಂದಾಗ ಅವಳು ಎಲ್ಲಿ ಮಲಗಿದ್ಲು? ಮನೇಲಿ, ಹಾಸಿಗೆ ಮೇಲೆ. ಪಾದ್ರಿಯೇ ಓದಿದ್ದು, ನಾನು ಕೇಳಿದೀನಿ. ಮೊದಲನೇ ಪೋಪ್ ಅತ್ತೇನ ಹಾಸಿಗೆ ಮೇಲೆ ಮಲಗಿಸ್ದ. ಇವರು ನನ್ನನ್ನ ಇಲ್ಲಿ ಹಾಕಿದಾರೆ. ತೆಗಿ. ಒಂದು ಹೆಂಚೂ ಬಿಡಬೇಡ."

ಮಾರನೇ ಬೆಳಿಗ್ಗೆ ಬೆರಾರ್ದೊ ಜೊತೆಗಾರ ವಾನ್ನೀನ ಕರ್ಕೊಂಡು ಏಣಿ ಹತ್ತಿದ. ವಾನ್ನಿ ಮೊದಲು ರೋಮಲ್ಲಿ ಚರ್ಚುಗಳ ಸೂರು ರಿಪೇರಿ ಮಾಡ್ಕೊಂಡಿದ್ದೋನು, ಅಲ್ಲಿನ ಕೊಳಕೆಲ್ಲ ಅವನ ಬಾಯಲ್ಲೇ ಇರ್ತಿತ್ತು.

ಹೆಂಚಿನೋರದ್ದು ಒಂದು ಕಟ್ಟಳೆ ಇದೆ. ಮೊದಲ ಹೆಂಚು ತೆಗೆಯೋಕೆ ಮುಂಚೆ ಸುತ್ತಿಗೆ ಹಿಡಿಯಿಂದ ತೊಲೆ ಮೇಲೆ ಬಡಿದು, ಕೆಳಗಿರೋರು ಹೊರಗೆ ಬನ್ನಿ ಅಂತ ಕೂಗಬೇಕು. ಕೂಗದೇ ತೆಗೆದೋನ ಜೊತೆ ಇನ್ನೊಬ್ಬ ಹೆಂಚಿನೋನು ಕೂತು ಊಟ ಮಾಡಲ್ಲ. ಬೆರಾರ್ದೊ ಕಟ್ಟಳೆ ಬಿಡೋನಲ್ಲ. ಡಬ ಡಬ ಬಡಿದು ಕೂಗಿದ: "ಕೆಳಗೆ ಯಾರಿದ್ದೀರೋ ಹೊರಗ್ ಬನ್ರಪ್ಪೋ! ಸೂರು ತೆಗೀತಿದೀವಿ!"

ಒಳಗಿಂದ ಒಂದು ಧ್ವನಿ: "ಬಾಗಿಲಿಗೆ ಬೀಗ ಹಾಕಿದ್ದೀರಲ್ಲೋ ಅವಿವೇಕಿಗಳಾ! ಎಲ್ಲಿಂದ ಬರೋದು?"

ಬೆರಾರ್ದೊ ವಾನ್ನಿ ಮುಖ ನೋಡಿದ. ವಾನ್ನಿ, "ನೀನು ಕೂಗಿದ್ದು ಕೂಗಿದ್ದೇ. ಬರದೇ ಇದ್ದಿದ್ದು ಅವರ ತಪ್ಪು" ಅಂದ.

ಶುರು ಮಾಡಿದ್ರು. ತುದಿಯಿಂದ ಒಂದೊಂದೇ ನಾಡಹೆಂಚು ಬಿಡಿಸಿ, ಕೈಯಿಂದ ಕೈಗೆ ಇಳಿಸಿ, ಗೋಡೆ ಪಕ್ಕ ಸಾಲಾಗಿ ಜೋಡಿಸಿದ್ರು. ಕೆಳಗೆ ನೆರೆದಿದ್ದ ಜನ, ಎಸೀರೋ, ತಲೆ ಮೇಲೇ ಎಸೀರೋ ಅಂತ ಕೂಗ್ತಿದ್ರು. ಬೆರಾರ್ದೊ ಒಂದನ್ನೂ ಎಸೀಲಿಲ್ಲ. ಹೆಂಚು ಏನು ತಪ್ಪು ಮಾಡಿತ್ತು? ಅಲ್ಲಿ ಗೋಡೆ ಪಕ್ಕ ಇಟ್ಟ ಹೆಂಚಿಗೆ ಇದ್ದ ಮರ್ಯಾದೆ ಒಳಗಿದ್ದೋರಿಗೆ ಇರ್ಲಿಲ್ಲ.

ಒಂದು ಬಾಗಿಲಗಲ ಜಾಗ ತೆರೀತು. ಬೆರಾರ್ದೊ ಬಗ್ಗಿ ನೋಡಿದ. ಕೆಂಪು ಟೋಪಿ ಗೂಟಕ್ಕೆ ನೇತಾಕಿದ್ರು. ಮೇಲಿಂದ ಬರೀ ನೆತ್ತಿಗಳು ಕಾಣ್ತಿದ್ವು, ಬೋಳಿಸಿ ನುಣ್ಣಗೆ ಮಾಡಿದ ನೆತ್ತಿಗಳು, ಬುಟ್ಟೀಲಿ ಹರಡಿದ ಮೊಟ್ಟೆ ತರ.

"ಇವರಲ್ಲಿ ಯಾವನು ಯಾವನೋ?" ಅಂದ ಬೆರಾರ್ದೊ.

"ಯಾವುದಾದ್ರೇನು, ಒಡೆದ್ರೆ ಒಂದೇ ವಾಸನೆ," ಅಂದ ವಾನ್ನಿ.

ಇಬ್ಬರೂ ತೊಲೆ ಮೇಲೆ ಕಾಲು ಇಳಿಬಿಟ್ಟು ಬ್ರೆಡ್ಡು, ಕುರಿಹಾಲಿನ ಚೀಸು ತಿಂದ್ರು. ಕೆಳಗಿರೋರ ಕಣ್ಣೆಲ್ಲ ಆ ಚೀಸಿನ ಮೇಲೇ ಇತ್ತು.

"ಅಲ್ಲಾ, ಮುಂಚೆ ಹೆಂಗೆ ಆರಿಸ್ತಿದ್ರೋ ಪೋಪನ್ನ?" ಬೆರಾರ್ದೊ ಕೇಳಿದ.

"ಮುಂಚೆ ರೋಮಲ್ಲಿ ಜನಾನೇ ಕೂಗ್ತಿದ್ರಂತೆ. ಯಾವ ಹೆಸರು ಜೋರಾಗಿ ಕೇಳ್ಸುತ್ತೋ ಅವನು. ಆಮೇಲೆ ಚಕ್ರವರ್ತಿಗಳು ನಾವು ಬೆರಳು ತೋರಿಸಿದೋನೇ ಅಂದ್ರು. ಆಮೇಲೆ ಈ ಕಾರ್ಡಿನಲ್‌ಗಳು, ಜನಾನೂ ಬೇಡ ಚಕ್ರವರ್ತೀನೂ ಬೇಡ, ನಾವೇ ಸಾಕು ಅಂದ್ರು. ಸಾಕಾಗಿದ್ದು ನೋಡ್ತಿದ್ದೀಯಲ್ಲ."

"ಹಂಗಾದ್ರೆ ಮೊದಲೇ ಚೆನ್ನಾಗಿತ್ತು."

"ಏನ್ ಚೆನ್ನಾಗಿತ್ತೋ! ಒಬ್ಬ ಪೋಪ್, ಹಿಂದೆ ಇದ್ದ ಪೋಪ್ ಮೇಲಿನ ಸಿಟ್ಟಿಗೆ ಅವನ ಹೆಣಾನ ಗುಂಡಿಯಿಂದ ತೆಗೆಸಿ, ಬಟ್ಟೆ ತೊಡಿಸಿ, ಕುರ್ಚೀಲಿ ಕೂರಿಸಿ ವಿಚಾರಣೆ ಮಾಡಿದ್ನಂತೆ."

"ಹೆಣಾನಾ? ಏನಂತು ಅದು?"

"ಏನೂ ಅನ್ಲಿಲ್ಲ. ಬಾಯಿ ಬಿಡ್ಲಿಲ್ಲ ಅಂದ್ಮೇಲೆ ತಪ್ಪು ಒಪ್ಕೊಂಡ ಹಾಗೆ ಅಂತ ಬೆರಳು ಕತ್ತರಿಸಿ ನದಿಗೆ ಎಸೆದ್ರು. ಇನ್ನೊಬ್ಬ ಇದ್ದ, ಇನ್ನೂ ಮೀಸೆ ನೆಟ್ಟಗೆ ಬಂದಿರ್ಲಿಲ್ಲ, ಬೇಜಾರಾಯ್ತು ಅಂತ ಕುರ್ಚೀನೇ ಮಾರ್ಬಿಟ್ಟ. ಒಂದೊಂದು ಕಾಲದಲ್ಲಿ ಇಬ್ಬಿಬ್ಬರು ಪೋಪ್ ಇರ್ತಿದ್ರು, ನೀನು ನರಕಕ್ಕೆ ಹೋಗು ಅಂತ ಇವನು, ನೀನೇ ಮೊದಲು ಹೋಗು ಅಂತ ಅವನು."

ಬೆರಾರ್ದೊ ಚೀಸಿನ ಸಿಪ್ಪೆ ಕೆಳಗೆ ಹಾಕಿದ. ಬೇಕಂತ ಅಲ್ಲ, ಕೈ ಜಾರ್ತು ಅಂತಿದ್ದ. ಇಬ್ಬರು ಕಾರ್ಡಿನಲ್‌ಗಳು ಒಟ್ಟಿಗೇ ಬಗ್ಗಿದ್ರು, ತಲೆಗೆ ತಲೆ ಡಿಕ್ಕಿ. "ಹೆಣಾನ ಕುರ್ಚೀಲಿ ಕೂರಿಸೋಕೆ ಬರುತ್ತೆ," ಅಂದ ಬೆರಾರ್ದೊ, "ಉಸಿರಾಡೋನೊಬ್ಬನ್ನ ಕೂರಿಸೋಕೆ ಬರಲ್ಲ ಇವರಿಗೆ."

ಸಂಜೆ ಹೊತ್ತಿಗೆ ಸೂರು ಖಾಲಿ. ಬರೀ ತೊಲೆಗಳು, ಮೀನು ತಿಂದು ಬಿಟ್ಟ ಮುಳ್ಳಿನ ತರ. ಎರಡು ದಿನಕ್ಕೆ ಮಳೆ ಬಂತು, ಊರೆಲ್ಲ ಬೀದಿಗೆ ಬಂದು ಕುಣೀತು. ಇವತ್ತು ಆಗುತ್ತೆ ಪೋಪ್, ನೆನೆದ ಕೋಳಿಗಳು ಇವತ್ತು ಒಪ್ಕೊಳ್ತಾರೆ! ಬೆರಾರ್ದೊ ಕೊಟ್ಟಿಗೆಗೆ ಬಂದು, "ಅವ್ವಾ, ಸಾಮಾನು ಕಟ್ಟು, ಮೇಲೆ ಹೋಗೋಣ" ಅಂದ. ಮುದುಕಿ ತಲೆಗೆ ಬಟ್ಟೆ ಕಟ್ಕೊಂಡು ರೆಡಿ ಆದ್ಲು.

ಆಗ ಮೆಟ್ಟಿಲ ಮೇಲೆ ದಡದಡ ಸದ್ದು. ತಂಕ್ರೇದಿ ಮತ್ತೆ ಅವನ ಆಳುಗಳು ಏನೋ ಕೆಂಪು ಮೂಟೆ ಹೊತ್ಕೊಂಡು ಓಡ್ತಿದ್ರು. ಪಾಲ್ಮಾ ಕಣ್ಣು ಕಿರಿದು ಮಾಡಿ ನೋಡಿದ್ಲು. ಅವಳ ಮಂಚದ ಪರದೆ.

"ಏಯ್! ಎಲ್ಲಿಗೋ ಅದು?"

"ಮಾವನಿಗೆ," ಅಂದ ತಂಕ್ರೇದಿ ನಿಲ್ಲದೇನೇ. "ಊಟ ಕೊಡಬಾರದು ಅಂತ ಕ್ಯಾಪ್ಟನ್ ಹೇಳಿದಾನೆ, ಬಟ್ಟೆ ಕೊಡಬಾರದು ಅಂದಿಲ್ಲ."

ಮಾರನೇ ದಿನ ಬೆರಾರ್ದೊ ಹಗ್ಗದಲ್ಲಿ ಬ್ರೆಡ್ ಬುಟ್ಟಿ ಇಳಿಸೋಕೆ ಹತ್ತಿದ. ಒದ್ದೆ ತೊಲೆ ಮೇಲೆ ನಡೆಯೋಕೆ ಅವನು, ವಾನ್ನಿ ಬಿಟ್ರೆ ಇನ್ಯಾರಿಗೂ ಬರ್ತಿರ್ಲಿಲ್ಲ. ಬಗ್ಗಿ ನೋಡ್ತಾನೆ, ಹಾಲ್ ತುಂಬಾ ಡೇರೆ! ಹಾಸುಗಲ್ಲು ಕೊರೆದು ಕಂಬ ನೆಟ್ಟಿದಾರೆ. ಆ ತೂತುಗಳನ್ನ ಇವತ್ತಿಗೂ ತೋರಿಸ್ತಾರಲ್ಲ, ಅವೇ. ಒಂದು ಡೇರೆ ಕೆಂಪಗಿತ್ತು. ಅದರಡಿ ತಂಕ್ರೇದಿಯ ಮಾವ, ದೊಡ್ಡ ಕಾರ್ಡಿನಲ್, ಗೊರಕೆ ಹೊಡೀತಿದ್ದ. ಬೆರಾರ್ದೊ ಹುಟ್ಟಿ ಮೊದಲು ಕಣ್ಣು ಬಿಟ್ಟಾಗ ಕಂಡಿದ್ದು ಆ ಪರದೆ. ಈಗ ಅದರಡಿ ಕಂಡಿದ್ದು ಈ ಹೊಟ್ಟೆ.

ತನ್ನ ಒಳ್ಳೇ ಸೂರು ತೆಗೆದ, ಅವ್ವನ ಪರದೆ ಅವರಿಗೆ ಸೂರಾಯ್ತು. ಅವನು ಬುಟ್ಟಿ ಇಳಿಸಿ ಬಂದು ಅವ್ವನಿಗೆ ಹೇಳಲೇ ಇಲ್ಲ. ಆದ್ರೆ ಊರಲ್ಲಿ ಹೇಳದೇ ಇರೋರು ಯಾರು? ಸಂಜೆಗೆಲ್ಲ ಮುದುಕಿಗೆ ಗೊತ್ತಾಯ್ತು. ಬೈಯಲಿಲ್ಲ. ಅದಕ್ಕೇ ಅವನಿಗೆ ಭಯ ಆಯ್ತು. ಗೋಡೆ ಕಡೆ ತಿರುಗಿ ಮಲಗಿದ್ಲು, ಅಷ್ಟೇ.

ಹಂಗೇ ಇನ್ನೊಂದು ವರ್ಷ. ಹೌದ್ರೀ, ಇನ್ನೊಂದು ವರ್ಷ! ಬಿಸಿಲು, ಮಳೆ, ಹಿಮ, ಪಾರಿವಾಳದ ಹಿಕ್ಕೆ, ಎಲ್ಲ ಬಿತ್ತು ಅವರ ಮೇಲೆ. ಬರದೇ ಇದ್ದದ್ದು ಪವಿತ್ರಾತ್ಮ ಒಂದೇ. ಒಳಗೆ ಕೆಲವರು ಸತ್ತೂ ಹೋದ್ರು. ಉಳಿದೋರು ಸತ್ತೋರ ಕಂಬಳಿಗೂ ಕಿತ್ತಾಡಿದ್ರು ಅಂತ ವಾನ್ನಿ ಹೇಳ್ತಿದ್ದ, ವಾನ್ನಿ ಮಾತಲ್ಲಿ ಅರ್ಧ ಕಳೀರಿ.

ಆಮೇಲೆ ಬೇಸಿಗೆ ಕಳೆದು ದ್ರಾಕ್ಷಿ ಹಣ್ಣಾಗೋ ಕಾಲ. ಮೋಡ ಕವಿದ ಒಂದು ಮಧ್ಯಾಹ್ನ ಘಂಟೆ ಬಡೀತು. ಒಂದು ಚರ್ಚಿಂದಲ್ಲ, ಊರಿನ ಎಲ್ಲಾ ಚರ್ಚಿಂದ. ಜನ, ಪೋಪ್ ಆಯ್ತು, ಪೋಪ್ ಆಯ್ತು ಅಂತ ಅಪ್ಪಿಕೊಂಡು ಅತ್ರು.

ಆ ಹೊತ್ತಿಗೆ ಪಾಲ್ಮಾ ಊಟ ಬಿಟ್ಟು ನಾಲ್ಕೈದು ದಿನ ಆಗಿತ್ತು. ಜೆಮ್ಮಾ ಬಾಯಿಗೆ ಹಾಕಿದ ಕಡಲೆ ಸಾರು ಕೆನ್ನೇಲಿ ಇಳಿದುಬಿಡ್ತಿತ್ತು. ಬೆರಾರ್ದೊ ಬೆಳಿಗ್ಗೆಯಿಂದ ಅವಳ ಕಾಲು ಉಜ್ಜುತ್ತಾ ಕೂತಿದ್ದ. ಘಂಟೆ ಕೇಳಿ ಎದ್ದು ಹೊರಮೆಟ್ಟಿಲು ಹತ್ತಿದ ನೋಡಿ, ಎರಡೆರಡು ಮೆಟ್ಟಿಲು ಒಂದೇ ಸಲ.

ತಂಕ್ರೇದಿ ಮಂಚದ ಮೇಲೆ ಕಾಲು ಚಾಚ್ಕೊಂಡು ಪೀಚ್ ಹಣ್ಣು ತಿಂತಿದ್ದ. ನಾಯಿಗಳು ಕಾಲಿನ ಹತ್ರ.

"ಸ್ವಾಮೀ, ಪೋಪ್ ಆಯ್ತಂತಲ್ಲ! ದೇವರು ಒಳ್ಳೇದು ಮಾಡ್ದ. ಪೆಟ್ಟಿಗೆ ಕೆಳಗಿಳಿಸೋಕೆ ನಾನೂ ಕೈ ಹಾಕ್ತೀನಿ."

"ಯಾಕೋ ಅವಸರ?" ಬೀಜ ಉಗುಳಿದ ತಂಕ್ರೇದಿ. "ಆರಿಸಿದಾರೆ, ನಿಜ. ಆದ್ರೆ ಆ ಮನುಷ್ಯ ಇಲ್ಲಿಲ್ಲ."

"ಇಲ್ಲಿಲ್ಲ ಅಂದ್ರೆ? ಒಳಗೆ ಬೀಗ ಹಾಕಿದ್ದೆಲ್ಲ..."

"ಒಳಗಿದ್ದೋರು ಒಬ್ಬರಿಗೊಬ್ಬರು ಆಗಲಿಲ್ಲ. ಅದಕ್ಕೇ ಹೊರಗಿನೋನನ್ನ ಆರಿಸಿದ್ರು. ಅವನು ಕಾರ್ಡಿನಲ್ ಅಲ್ಲ, ಪಾದ್ರೀನೂ ಅಲ್ಲ. ಸಮುದ್ರದಾಚೆ, ಜೆರೂಸಲೇಮ್ ಕಡೆ, ಧರ್ಮಯುದ್ಧದಲ್ಲಿದಾನೆ. ಇಲ್ಲಿಂದ ಸುದ್ದಿ ಹೋಗಬೇಕು, ಅವನು ಹಡಗು ಹತ್ತಬೇಕು, ಬರಬೇಕು. ಚಳಿಗಾಲ ಕಳೀಬಹುದು. ಅಲ್ಲೀವರೆಗೆ ನಾವು ಇಲ್ಲೇ. ಬಾಗಿಲ ಮೇಲೆ ಗೀಟು ಇದೆಯಲ್ಲ."

ಇಡೀ ಊರು ಬೀಗ ಹಾಕಿ, ಹಸಿವಲ್ಲಿ ಇಟ್ಟು, ಸೂರು ಕಿತ್ತು, ಮೂರು ವರ್ಷ ಕಾದದ್ದು ಒಳಗಿರೋ ಒಬ್ಬ ಪೋಪ್ ಆಗ್ತಾನೆ ಅಂತ. ಒಳಗೆ ಪೋಪೇ ಇರ್ಲಿಲ್ಲ! ಖಾಲಿ ಗೂಡಿಗೆ ಬೀಗ ಹಾಕಿ ಮೊಟ್ಟೆಗೆ ಕಾದಿದ್ರು ನಮ್ಮೋರು.

"ನಮ್ಮವ್ವ ಈ ರಾತ್ರಿ ದಾಟಲ್ಲ ಸ್ವಾಮಿ. ಒಂದು ರಾತ್ರಿಗೆ ಮಂಚ ಬಿಡಿ."

"ಕಾಯಿಲೆ ಮುದುಕೀನ ನಾನು ಮಲಗೋ ಜಾಗದಲ್ಲಾ? ಹೋಗೋ. ಬಾಗಿಲು ಎಳ್ಕೊಂಡು ಹೋಗು, ನಾಯಿಗೆ ಗಾಳಿ ಬಡಿಯುತ್ತೆ."

ಬೆರಾರ್ದೊ ಬಾಗಿಲು ಎಳ್ಕೊಂಡು ಇಳಿದ. ಕೊಟ್ಟಿಗೇಲಿ ಪಾಲ್ಮಾ ಒಂದು ಕಣ್ಣು ತೆರೆದು ಮಗನ ಮುಖ ನೋಡಿದ್ಲು. ಹೇಳೋ ಅಗತ್ಯ ಬೀಳಲಿಲ್ಲ.

"ಹೋಗಲ್ಲ ಅಂದ್ನಾ?"

"ಹ್ಞೂಂ."

"ಪೋಪ್?"

"ಇಲ್ಲಿಲ್ವಂತೆ. ಸಮುದ್ರದಾಚೆ."

ಮುದುಕಿ ನಕ್ಲು. ನಗು ಕೆಮ್ಮಾಯ್ತು, ಕೆಮ್ಮು ನಿಲ್ಲೋಕೆ ಬಹಳ ಹೊತ್ತು ಹಿಡೀತು. "ಅಯ್ಯೋ ದಡ್ಡ ಮುಂಡೇವಾ," ಅಂದ್ಲು ಕೊನೆಗೆ. ಯಾರಿಗಂದ್ಲೋ, ಕಾರ್ಡಿನಲ್‌ಗಳಿಗೋ ಊರೋರಿಗೋ. "ನಿನ್ನ ಕೈಗೆ ಬರೋ ಕೆಲಸ ಒಂದೇ ಅಲ್ವೇನೋ ಬೆರಾರ್ದೊ? ಅದಕ್ಕೆ ಯಾರ ಅಪ್ಪಣೆ ಕಾಯ್ತಿದ್ದೀಯಾ?"

ಬೆರಾರ್ದೊ ಅವ್ವನ ಮುಖ ನೋಡ್ದ. ಆಮೇಲೆ, ಹುಟ್ಟು ಚಾಳಿ ನೋಡಿ, ಕತ್ತೆತ್ತಿ ಮೇಲೆ ನೋಡ್ದ. ಏಣಿ ಎತ್ಕೊಂಡ.

ತನ್ನ ಮನೆ ಸೂರು ಹತ್ತಿ ಸುತ್ತಿಗೆ ಹಿಡಿಯಿಂದ ತೊಲೆ ಮೇಲೆ ಡಬ ಡಬ ಬಡಿದು ಕೂಗಿದ: "ಕೆಳಗೆ ಯಾರಿದ್ದೀರೋ ಹೊರಗ್ ಬನ್ರಪ್ಪೋ! ಸೂರು ತೆಗೀತಿದೀನಿ!"

"ಯಾವನೋ ಅವನು?" ಒಳಗಿಂದ ತಂಕ್ರೇದಿ.

"ಹೆಂಚಿನೋನು ಸ್ವಾಮಿ. ಈ ಸಲ ಬಾಗಿಲಿಗೆ ಬೀಗ ಇಲ್ಲ. ಹೊರಗೆ ಬರಬಹುದು."

ಮಂಚದ ನೆತ್ತಿ ಮೇಲಿನ ಹೆಂಚಿಂದಾನೇ ಶುರು ಮಾಡಿದ. ಹೆಂಚಿನಡಿ ನೂರೆಂಟು ಗುಬ್ಬಚ್ಚಿ ಗೂಡು, ಹಳೇ ಧೂಳು, ಒಣಗಿದ ಕಣಜದ ಗೂಡು. ಎಲ್ಲಾ ಸೀದಾ ತಂಕ್ರೇದಿ ಪೀಚ್ ಹಣ್ಣಿನ ಮೇಲೆ. ನಾಯಿಗಳು ಸೀನಿ ಮೆಟ್ಟಿಲಿಳಿದು ಓಡಿದ್ವು, ಅವಕ್ಕೆ ಬುದ್ಧಿ ಇತ್ತು. ತಂಕ್ರೇದಿ ಅಂಗಳಕ್ಕೆ ಬಂದು ಕಾಲು ಅಪ್ಪಳಿಸಿದ.

"ನಿನ್ನನ್ನ ಕ್ಯಾಪ್ಟನ್ ಹತ್ರ ಎಳೀತೀನಿ!"

"ಎಳೀರಿ ಸ್ವಾಮಿ. ಅವರೇ ನನಗೆ ಈ ಕೆಲಸ ಕಲಿಸಿದ್ದು."

ಬೀದೀಲಿ ಜನ ಸೇರಿದ್ರು. ವಾನ್ನಿ ಓಡಿ ಬಂದು, ಏನು ಎತ್ತ ಅಂತ ಕೇಳದೇ ಇನ್ನೊಂದು ಏಣಿ ಹಾಕಿ ಆ ಕಡೆಯಿಂದ ತೆಗೆಯೋಕೆ ಶುರು ಮಾಡಿದ. ಎದುರು ಮನೆ ಹೆಂಗಸು ಕಿಟಕೀಲಿ ಕೂತು, "ತಂಕ್ರೇದಪ್ಪಾ, ಪವಿತ್ರಾತ್ಮ ಬರ್ತಿದೆ, ಬಾಯಿ ತೆಕ್ಕೋ" ಅಂದ್ಲು. ಅಷ್ಟೊತ್ತಿಗೆ ಮೋಡ ಒಡೀತು. ದಪ್ಪ ದಪ್ಪ ಹನಿ. ಬೂಟಿನ ಪೆಟ್ಟಿಗೆಗೆ ನೀರು ಬೀಳೋದು ನೋಡಿದ ಮೇಲೆ ತಂಕ್ರೇದಿ ಪೌರುಷ ಮುಗೀತು. ಆಳುಗಳು ಪೆಟ್ಟಿಗೆ ಹೊತ್ರು, ಅವನು ಬೈತಾ ಬೈತಾ ಮುಂದೆ, ನಾಯಿಗಳು ಹಿಂದೆ. ಯಾವುದೋ ಮಠದ ಕಡೆ ಹೋದ್ರು. ಬೀದಿ ಕೊನೆವರೆಗೂ ಜನ ಅವನಿಗೆ ಬಗ್ಗಿ ಬಗ್ಗಿ ನಮಸ್ಕಾರ ಮಾಡಿದ್ರು, ಒಬ್ಬರೂ ನಗದೇ ಇರ್ಲಿಲ್ಲ.

ಬೆರಾರ್ದೊ ನಗಲಿಲ್ಲ, ಅವನಿಗೆ ಪುರುಸೊತ್ತಿರ್ಲಿಲ್ಲ. "ವಾನ್ನಿ, ವಾಪಸ್ ಹಾಕೋ, ಬೇಗ ಬೇಗ!" ತೆಗೆಯೋಕೆ ತಗೊಂಡ ಹೊತ್ತಿನ ಅರ್ಧದಲ್ಲಿ ಹೊದಿಸಿದ್ರು, ಮಳೇಲಿ ಕೈ ಜಾರ್ತಾ, ಮೈಯೆಲ್ಲ ನೆನೆದು. ಹಳೇ ಕೈ, ಒಂದು ಹೆಂಚೂ ಒಡೀಲಿಲ್ಲ. ಜೆಮ್ಮಾ ಅಷ್ಟರಲ್ಲಿ ಮಂಚ ಒರೆಸಿ, ನಾಯಿ ಕೂದಲು ಝಾಡಿಸಿ, ಕೊಟ್ಟಿಗೇಲಿ ಬಚ್ಚಿಟ್ಟಿದ್ದ ಒಣ ಹಾಸಿಗೆ ಹಾಸಿದ್ಲು.

ಬೆರಾರ್ದೊ ಅವ್ವನ್ನ ಎತ್ಕೊಂಡು ಹೊರಮೆಟ್ಟಿಲು ಹತ್ತಿದ. ಹಗುರ ಇದ್ಲು, ಒಂದು ಹೆಂಚಿನಷ್ಟು. ಮಂಚದ ಮೇಲೆ ಇಳಿಸಿದ. ಪಾಲ್ಮಾ ಕೈ ಚಾಚಿ ಅಂಚಿನ ಮರ ತಡವಿದ್ಲು, ಆ ಕಡೆ, ಈ ಕಡೆ. ಮೇಲೆ ನೋಡಿದ್ಲು. ಪರದೆ ಇಲ್ಲ, ಬರೀ ತೊಲೆ.

"ಬೆಳಿಗ್ಗೆ ಹೋಗಿ ಪರದೆ ಇಸ್ಕೊಂಡು ಬರ್ತೀನವ್ವಾ. ಈಗ ಅರಮನೆ ಬಾಗಿಲು ತೆಗೆದಿದಾರೆ."

"ಬೇಡ," ಅಂದ್ಲು ಮುದುಕಿ. "ಅದರಡಿ ಯಾರು ಮಲಗಿದ್ರು ಅಂತ ಗೊತ್ತಲ್ಲ. ಎಷ್ಟು ಒಗೆದ್ರೂ ಹೋಗಲ್ಲ. ಕಾರ್ಡಿನಲ್ಲೇ ಹೊದ್ಕೊಂಡು ಹೋಗ್ಲಿ ಸ್ವರ್ಗಕ್ಕೆ, ಬಾಗಿಲಲ್ಲಿ ಪೇತ್ರ ಕೇಳ್ತಾನೆ, ಯಾರದ್ದೋ ಇದು ಅಂತ."

ಜೆಮ್ಮಾ ಸಾರಿನ ಬಟ್ಟಲು ತಂದ್ಲು. ಪಾಲ್ಮಾ ಎರಡು ಗುಟುಕು ಕುಡಿದು, "ಉಪ್ಪಿಲ್ಲ" ಅಂದ್ಲು. ಐದು ದಿನದಿಂದ ಅವಳು ಊಟದ ಬಗ್ಗೆ ಆಡಿದ ಮೊದಲ ಮಾತು.

ಬೆರಾರ್ದೊ ಮಂಡಿಯೂರಿ ಹತ್ರ ಕೂತ. "ಅವ್ವಾ, ಪಾದ್ರೀನ ಕರೀಲಾ?"

"ಯಾಕೆ? ಸಾಯೋಕಾ?" ಮುದುಕಿ ಕಾಲು ಉದ್ದ ಚಾಚಿದ್ಲು. "ಮೂರು ವರ್ಷದ ನಿದ್ದೆ ಬಾಕಿ ಇದೆ, ಮೊದಲು ಅದು ಮುಗೀಲಿ. ಸಾಯೋದು ಆಮೇಲೆ ನೋಡೋಣ. ಪೋಪೇ ನಿಧಾನವಾಗಿ ಬರ್ತಿದಾನೆ, ನನಗೇನು ಅವಸರ?"

ಗೋಡೆ ಕಡೆ ತಿರುಗಲಿಲ್ಲ ಈ ಸಲ. ಅಂಗಾತ ಮಲಗಿ ಗೊರಕೆ ಹೊಡೆದ್ಲು.

ಬೆರಾರ್ದೊ ಎದ್ದು ಹೊರಗೆ ಬಂದ. ಮಳೆ ಸಣ್ಣಗಾಗಿತ್ತು, ಎಲ್ಲೋ ಒಂದು ಚರ್ಚಲ್ಲಿ ಇನ್ನೂ ಘಂಟೆ ಬಡೀತಿದ್ರು, ಇಲ್ಲದ ಪೋಪಿಗೆ. ಅವನು ಒದ್ದೆ ತೋಳಿಂದ ಬಾಗಿಲ ಮೇಲಿನ ಸುಣ್ಣದ ಗೀಟನ್ನ ಒಂದ್ಸಲ, ಎರಡ್ಸಲ, ಮರ ಕಾಣೋವರೆಗೂ ಉಜ್ಜಿದ. ಆಮೇಲೆ ಒಳಗೆ ಹೋಗಿ, ಒಳಗಿಂದ ಅಗಳಿ ಹಾಕ್ಕೊಂಡ.